ಬೀಜಕ್ಕೆ ಬಿಟ್ಟ ಮೆಣಸಿನ ಗಿಡಕ್ಕೆ ಚಳಿ ತಾಗದ ಹಾಗೆ ಏನು ಮಾಡಬೇಕು?

ಸಿರುಗುಪ್ಪದ ಹಿತ್ತಲಲ್ಲಿ ನಾಲ್ಕು ಬ್ಯಾಡಗಿ ಗಿಡ ಬೀಜಕ್ಕೆ ಬಿಟ್ಟಿದ್ದೀರಿ, ಕಾಯಿ ಇನ್ನೂ ಹಸಿರು, ಡಿಸೆಂಬರ್ ಚಳಿ ಶುರುವಾಗಿದೆ ಅಂತ ಕೇಳಿದ್ದೀರಿ.

ಮೊದಲು ಸಮಾಧಾನ ಮಾಡ್ಕೊಳ್ಳಿ. ಬಳ್ಳಾರಿ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಚಳಿ ಬೀಳಲ್ಲ. ರಾತ್ರಿ 15 ಡಿಗ್ರಿಗಿಂತ ಕೆಳಗೆ ಇಳಿದರೆ ಹೊಸ ಹೂವು ಉದುರಬಹುದು, ಕಾಯಿ ನಿಧಾನವಾಗಿ ಹಣ್ಣಾಗುತ್ತೆ, ಅಷ್ಟೇ. ನಿಜವಾದ ಕಾಟ ಇಬ್ಬನಿಯದು. ಒದ್ದೆಯಾಗಿಯೇ ಇರುವ ಕಾಯಿಗೆ ಕಪ್ಪು ಕಲೆ ಬಿದ್ದು ಕೊಳೆಯುತ್ತೆ, ರೋಗ ಒಳಗಿನ ಬೀಜಕ್ಕೂ ಹೋಗುತ್ತೆ.

ನಾಲ್ಕು ಕೋಲು ನೆಟ್ಟು, ಸಂಜೆ ಹಳೇ ಕಾಟನ್ ಸೀರೆ ಹೊದಿಸಿ. ಬಟ್ಟೆ ಎಲೆಗೆ ತಾಗಬಾರದು, ಅಂಚು ನೆಲ ಮುಟ್ಟಬೇಕು. ಹಗಲು ಕಾದ ಮಣ್ಣಿನ ಬಿಸಿ ರಾತ್ರಿ ಒಳಗೇ ಉಳಿಯುತ್ತೆ. ಬಿಸಿಲೇರುತ್ತಿದ್ದಂತೆ ತೆಗೆಯಲೇಬೇಕು. ನಾನು ಒಮ್ಮೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮರೆತು ಸಂತೆಗೆ ಹೋಗಿದ್ದೆ. ಬರುವಷ್ಟರಲ್ಲಿ ಗಿಡ ಬೆಂದ ಸೊಪ್ಪಿನ ಹಾಗಾಗಿತ್ತು!

ನೀರು ಬೆಳಿಗ್ಗೆಯೇ ಬುಡಕ್ಕೆ ಕೊಡಿ. ನಮ್ಮ ಎರೆಮಣ್ಣು ಹಸಿ ಹಿಡಿದುಕೊಳ್ಳೋದು ಜಾಸ್ತಿ ಅಲ್ವಾ, ಹಾಗಾಗಿ ಮೇಲೆ ಒಣಗಿದ ಮೇಲೆ ಕೊಟ್ಟರೆ ಸಾಕು. ಯೂರಿಯಾ ಬೇಡ, ಸುಮ್ನೆ ಚಿಗುರು ಬರುತ್ತೆ.

ಹಸಿರು ಕಾಯಿ ಕಿತ್ತರೆ ಬೀಜ ಜಳ್ಳು. ಪೂರ್ತಿ ಕೆಂಪಾದದ್ದನ್ನೇ ಬಿಡಿಸಿ, ಒಂದು ವಾರ ನೆರಳಲ್ಲಿಟ್ಟು ಆಮೇಲೆ ಬೀಜ ತೆಗೆಯಿರಿ. ಅರ್ಧ ಕೆಂಪಾದವೂ ಹೀಗೆ ಇಟ್ಟರೆ ಹಣ್ಣಾಗುತ್ತವೆ. ಕಲೆ ಬಿದ್ದ ಕಾಯಿ ಬೀಜಕ್ಕೆ ಬೇಡ.