ಮಡಿಕೇರಿಗೆ ಬಂದ ಮೇಲೆ ಮನೆಯೊಳಗಿನ ಮಾನ್ಸ್ಟೆರಾ, ಆಂಥೂರಿಯಂ ಎಲೆಗಳು ಹಳದಿಯಾಗುತ್ತಿವೆ, ಏನು ಮಾಡಲಿ?

ಜೂನ್‌ನಲ್ಲಿ ಬೆಂಗಳೂರಿನಿಂದ ವರ್ಗವಾಗಿ ಬಂದಿರಿ, ಅಲ್ಲಿ ಮಾಡುತ್ತಿದ್ದ ಹಾಗೆಯೇ ಎರಡು ದಿನಕ್ಕೊಮ್ಮೆ ನೀರು ಹಾಕಿ ದಿನಾ ಬೆಳಿಗ್ಗೆ ಎಲೆಗೆ ಸ್ಪ್ರೇ ಮಾಡುತ್ತಿದ್ದೀರಿ, ಆದರೂ ಕೆಳಗಿನ ಎಲೆಗಳು ಹಳದಿಯಾಗಿ ಜೋತು ಬೀಳುತ್ತಿವೆ, ಗೊಬ್ಬರ ಸಾಲದೇ ಎಂದು ಕೇಳಿದ್ದೀರಿ. ಗೊಬ್ಬರದ ಪ್ರಶ್ನೆಯೇ ಅಲ್ಲ. ಮೊದಲು ಸ್ಪ್ರೇ ಬಾಟಲಿಯನ್ನು ಎತ್ತಿಡಿ, ನೀರಿನ ಮಗ್ಗನ್ನೂ.

ನಾನು ಇಲ್ಲೇ ಕೊಡಗಿನ ನಾಪೋಕ್ಲು ಕಡೆಯವಳು. ಗಿಡ ಸಾಕಲು ಶುರು ಮಾಡಿದ ವರ್ಷ ನಾನೂ ವಿಡಿಯೋ ನೋಡಿ ಆಂಥೂರಿಯಂಗೆ ದಿನಾ ನೀರು ಚಿಮುಕಿಸಿದೆ. ಆಗಸ್ಟ್ ಮುಗಿಯುವಷ್ಟರಲ್ಲಿ ನಾಲ್ಕು ಕುಂಡ ಕೊಳೆತು ಹೋದವು. ಆ ಸಲಹೆ ಹೀಟರ್ ಉರಿಸಿ ಮನೆಯೊಳಗಿನ ಗಾಳಿ ಒಣಗುವ ದೇಶದವರಿಗೆ ಸರಿ. ಇಲ್ಲಿ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ, ಉಪ್ಪು ಡಬ್ಬಿಯಲ್ಲೇ ನೀರೊಡೆಯುತ್ತದೆ. ಎಲೆಯಿಂದ ನೀರು ಆವಿಯಾಗಿ ಹೋದರೆ ತಾನೇ ಬೇರು ಮತ್ತೆ ನೀರೆಳೆಯುವುದು? ಗಾಳಿ ತೇವದಿಂದ ತುಂಬಿ, ಬೆಳಕೂ ಕಡಿಮೆಯಾದಾಗ ಕುಂಡದ ನೀರು ಅಲ್ಲೇ ನಿಲ್ಲುತ್ತದೆ. ಬೇರಿಗೆ ಉಸಿರು ಕಟ್ಟುತ್ತದೆ, ಆಮೇಲೆ ಕೊಳೆಯುತ್ತದೆ. ಬೆಳಿಗ್ಗೆ ಮಾನ್ಸ್ಟೆರಾ ಎಲೆಯ ತುದಿಯಲ್ಲಿ ನೀರಿನ ಹನಿ ಕಂಡರೆ ಅದು ಇಬ್ಬನಿಯಲ್ಲ. ಆವಿಯಾಗಿ ಬಿಡಲಾಗದ ನೀರನ್ನು ಗಿಡ ಹಾಗೆ ಹೊರಹಾಕುತ್ತದೆ.

ಇವು ಎಂಥ ಗಿಡಗಳೆಂದು ತಿಳಿಯಲು ನಮ್ಮ ಮರಕೆಸವನ್ನೇ ನೋಡಿ. ಮಳೆ ಹಿಡಿದ ಮೇಲೆ ತೋಟದ ಮರಗಳ ಕವಲಿನಲ್ಲಿ, ಪಾಚಿಯ ನಡುವೆ ಚಿಗುರುತ್ತದೆ, ಅದನ್ನು ಕುಯ್ದು ತಂದು ಪತ್ರೊಡೆ ಮಾಡುತ್ತೇವೆ. ಅಷ್ಟು ಮಳೆ ಸುರಿದರೂ ಅದರ ಬೇರಿನಲ್ಲಿ ನೀರು ನಿಲ್ಲುವುದಿಲ್ಲ, ನೆನೆದ ಕೂಡಲೇ ಬಸಿದು ಹೋಗುತ್ತದೆ. ಮಾನ್ಸ್ಟೆರಾ, ಆಂಥೂರಿಯಂ, ಮನಿ ಪ್ಲಾಂಟ್ ಎಲ್ಲವೂ ಕೆಸುವಿನ ಕುಟುಂಬದವೇ. ಮಾನ್ಸ್ಟೆರಾ ಮೆಕ್ಸಿಕೋದ ದಕ್ಷಿಣದಿಂದ ಪನಾಮಾವರೆಗಿನ ಕಾಡುಗಳಲ್ಲಿ ಮರ ಹತ್ತಿ ಬೆಳೆಯುವ ಬಳ್ಳಿ. ನಾವು ಮನೆಯಲ್ಲಿ ಬೆಳೆಸುವ ಆಂಥೂರಿಯಂನ ಮೂಲ ಕೊಲಂಬಿಯಾ, ಈಕ್ವೆಡಾರ್. ಇವುಗಳಿಗೆ ನೀರಿನಷ್ಟೇ ಗಾಳಿಯೂ ಬೇರಿಗೆ ಬೇಕು. ಜಿಗುಟಾದ ಕೆಂಪು ಮಣ್ಣಿನಲ್ಲಿ ಅದು ಸಿಗುವುದಿಲ್ಲ.

ಈಗಲೇ ಒಂದು ಗಿಡವನ್ನು ಕುಂಡದಿಂದ ಮೆಲ್ಲಗೆ ಬಿಡಿಸಿ ನೋಡಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಕಂದಾಗಿ, ಮುಟ್ಟಿದರೆ ಸಿಪ್ಪೆ ಜಾರಿ, ನಾರುತ್ತಿದ್ದರೆ ಶುದ್ಧ ಕತ್ತರಿಯಿಂದ ಆ ಭಾಗವನ್ನೆಲ್ಲ ಕತ್ತರಿಸಿ ತೆಗೆಯಿರಿ. ಮತ್ತೆ ನೆಡಲು ನಾನು ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಒಡೆದ ಹೆಂಚು, ಸ್ವಲ್ಪ ಕೊಳೆತ ಎಲೆಗೊಬ್ಬರ ಬೆರೆಸುತ್ತೇನೆ. ನೀರು ಹೊಯ್ದರೆ ತಳದಿಂದ ಕೂಡಲೇ ಇಳಿಯಬೇಕು. ದೊಡ್ಡ ಕುಂಡದ ಆಸೆ ಬೇಡ, ಬೇರಿಲ್ಲದ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಇನ್ನು ಮುಂದೆ ದಿನ ಎಣಿಸಿ ನೀರು ಹಾಕಬೇಡಿ. ಕುಂಡ ಎತ್ತಿ ನೋಡಿ, ಹಗುರಾಗಿದ್ದರೆ ಮಾತ್ರ ಹಾಕಿ. ಅನುಮಾನವಿದ್ದರೆ ಒಣ ಬಿದಿರು ಕಡ್ಡಿಯನ್ನು ಬುಡದವರೆಗೆ ಚುಚ್ಚಿ ತೆಗೆಯಿರಿ, ತೇವ ಅಂಟಿದ್ದರೆ ಇನ್ನೂ ಕಾಯಿರಿ. ಜುಲೈನಲ್ಲಿ ನನ್ನ ಮಾನ್ಸ್ಟೆರಾ ಎರಡು ವಾರಕ್ಕೂ ಹೆಚ್ಚು ನೀರು ಕೇಳುವುದಿಲ್ಲ.

ಬೆಳಕಿನ ವಿಷಯವನ್ನು ನೀವು ಬರೆದೇ ಇಲ್ಲ. ನನ್ನ ಪ್ರಕಾರ ಅರ್ಧ ತೊಂದರೆ ಅದರಲ್ಲೇ ಇದೆ. ಮಳೆಗೆ ಮುಂಚೆ ಕಾಫಿ ತೋಟದಲ್ಲಿ ಮರ ಕಪಾತು ಮಾಡಿಸುತ್ತಾರೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸುತ್ತಾರೆ, ಬಸಿಗಾಲುವೆ ಬಿಡಿಸುತ್ತಾರೆ. ಬೆಳಕು, ಗಾಳಿ ಒಳಗೆ ಬಾರದೆ ನೀರೂ ಬಸಿಯದಿದ್ದರೆ ಕಾಫಿಗೆ ಕೊಳೆ ರೋಗ ಬರುತ್ತದೆ. ನಿಮ್ಮ ಕೋಣೆಗೂ ಅದೇ ನ್ಯಾಯ. ಇಲ್ಲಿನ ಮನೆಗಳ ಸೂರು ತಗ್ಗು, ಹೊರಗೆ ಮೋಡ. ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಹೋದರೆ ಗಿಡಕ್ಕೆ ಸಂಜೆಯೇ ಸರಿ. ಕಿಟಕಿಗೆ ಅಂಟಿದ ಹಾಗೆ ಇಡಿ, ಎಲೆಯ ಮೇಲಿನ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಆಗದಿದ್ದರೆ ಬಿಳಿ ಎಲ್‌ಇಡಿ ಬಲ್ಬನ್ನು ಒಂದೂವರೆ ಅಡಿ ಮೇಲೆ ಕಟ್ಟಿ ಹಗಲೆಲ್ಲ ಉರಿಸಿ. ಕರೆಂಟು ಹೋದ ದಿನಗಳಲ್ಲಿ ನೀರು ಹಾಕುವುದನ್ನೂ ಮುಂದೂಡಿ. ಒಂದು ಗಿಡದೆಲೆ ಇನ್ನೊಂದಕ್ಕೆ ತಾಗದಂತೆ ದೂರ ಇಡಿ. ಆಂಥೂರಿಯಂ ಎಲೆಯಲ್ಲಿ ನೀರು ತುಂಬಿದಂತೆ ಮಚ್ಚೆ ಎದ್ದು, ಸುತ್ತ ಹಳದಿ ಅಂಚು ಬಂದರೆ ಆ ಎಲೆಯನ್ನು ಕಿತ್ತು ಮನೆಯಿಂದ ಹೊರಗೆ ಹಾಕಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಗೆರೆ ಗೆರೆ ಎಲೆಯ ಕಲಾಥಿಯಾ ಗಿಡವೂ ನಿಮ್ಮಲ್ಲಿದ್ದರೆ, ಅದರ ಎಲೆಯಂಚು ಸುಟ್ಟಂತಾಗುವುದು ಹೆಚ್ಚಾಗಿ ನಲ್ಲಿ ನೀರಿನ ಉಪ್ಪು, ಕ್ಲೋರಿನ್‌ನಿಂದ. ಸೂರಿನಿಂದ ಬೀಳುವ ನೀರನ್ನು ಬಕೆಟ್‌ನಲ್ಲಿ ಹಿಡಿದಿಡಿ, ಈ ಊರಿನಲ್ಲಿ ಅದಕ್ಕಿಂತ ಒಳ್ಳೆಯ ನೀರಿಲ್ಲ.

ಎರಡು ವರ್ಷದ ಮಗು ಇದೆ ಎಂದಿದ್ದೀರಿ, ಇದನ್ನು ಹೇಳಲೇಬೇಕು. ಸರಿಯಾಗಿ ಬೇಯದ ಕೆಸುವಿನೆಲೆ ಗಂಟಲು ಕೆರೆಯುತ್ತದಲ್ಲ, ಅದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಮಾನ್ಸ್ಟೆರಾ, ಆಂಥೂರಿಯಂ ಎಲೆಯಲ್ಲೂ ಇವೆ. ಮಗು ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಕೈಗೆಟುಕದಂತೆ ಎತ್ತರದಲ್ಲಿಡಿ. ಕಲಾಥಿಯಾದಿಂದ ಆ ಭಯವಿಲ್ಲ.

ಮಳೆ ಬಿಟ್ಟ ಮೇಲೆ ಚಳಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಕುಂಡಗಳನ್ನು ಕಿಟಕಿಯ ಗಾಜಿನಿಂದ ಒಳಗೆ ಸರಿಸಿ, ತಣ್ಣೀರು ಹಾಕಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಹೊತ್ತಿಗೆ ಹೊಸ ಎಲೆ ಬಿಚ್ಚುವುದನ್ನು ಕಾಣುತ್ತೀರಿ. ನೀವು ಕೇಳಿದ ಗೊಬ್ಬರ ಆಗ ಕೊಡಿ, ಪೊಟ್ಟಣದ ಮೇಲೆ ಬರೆದದ್ದರ ಅರ್ಧದಷ್ಟು, ತಿಂಗಳಿಗೊಮ್ಮೆ.