ಹಿತ್ತಲಿನ ಪಾಪ್ಲರ್ ಬೇಲಿಗೆ ಬೇಡ, ಮಂಟಪಕ್ಕೆ ಆದೀತು

ಪ್ರಶ್ನೆ: ಎಡ್ಮಂಟನ್‌ನಲ್ಲಿದ್ದೇವೆ. ಹಿತ್ತಲಿನ ದೊಡ್ಡ ಬಾಲ್ಸಂ ಪಾಪ್ಲರ್ ಮರವನ್ನು ಕಡಿಸಿದೆವು. ಅದರಲ್ಲಿ ಬೇಲಿಯ ಕಂಬ ಮತ್ತು ದೇವರ ಮಂಟಪ ಮಾಡಿಸಬಹುದೇ?

ಉತ್ತರ: ಕೆನಡಾದ ಕನ್ನಡಿಗರು ಪ್ರತಿ ವರ್ಷವೂ ಇದನ್ನೇ ಕೇಳುತ್ತಾರೆ, ಅದೂ ಮರ ನೆಲಕ್ಕುರುಳಿದ ಮೇಲೆ. ಹೊನ್ನೆ, ಸಾಗುವಾನಿ ನೋಡಿ ಬೆಳೆದವರು ನಾವು. ದಪ್ಪ ಮರದೊಳಗೆ ಗಟ್ಟಿ ಚೇಗು, ಅಂದರೆ ಕಾಂಡದ ನಡುವಿನ ಬಲಿತ ಮರ, ಇದ್ದೇ ಇರುತ್ತದೆಂದು ನಂಬಿದ್ದೇವೆ. ಪಾಪ್ಲರಿನ ಚೇಗು ಕೊಳೆಯುವುದನ್ನು ತಡೆಯಲಾರದು. ನೆಲದಲ್ಲಿ ಹೂತ ಕಂಬದ ಬುಡ ಕೆಲವೇ ವರ್ಷಗಳಲ್ಲಿ ಮೆತ್ತಗಾಗುತ್ತದೆ. ಬಣ್ಣ ಬಳಿದರೆ ಸಾಕೆನ್ನುವವರ ಮಾತು ಕೇಳಬೇಡಿ.

ಮಂಟಪವನ್ನು ಧಾರಾಳವಾಗಿ ಮಾಡಿಸಿ. ಒಣಗಿದ ಈ ಮರ ಘನಮೀಟರಿಗೆ ಸುಮಾರು 370 ಕಿಲೋ ತೂಗುತ್ತದೆ. ಸಾಗುವಾನಿಯ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹಗುರ, ಬಿಳುಪು, ಅಂಟು ಚೆನ್ನಾಗಿ ಹಿಡಿಯುತ್ತದೆ. ಪೆಟ್ಟಿಗೆ, ಪ್ಲೈವುಡ್ಡಿನ ಒಳಪದರ, ಕಾಗದದ ತಿರುಳಿಗೆ ಇದನ್ನು ಬಳಸುವುದು ಸುಮ್ಮನೆ ಅಲ್ಲ. ಹಸಿ ಮರದ ಕೆಟ್ಟ ವಾಸನೆಗೆ ಹೆದರಬೇಡಿ, ಒಣಗಿದಾಗ ಹೋಗುತ್ತದೆ.

ಕಷ್ಟವಿರುವುದು ಒಣಗಿಸುವುದರಲ್ಲಿ. ಕಾಂಡದೊಳಗೆ ಅಲ್ಲಲ್ಲಿ ನೀರು ತುಂಬಿದ ಭಾಗಗಳಿರುತ್ತವೆ. ಹಲಗೆಯ ಮೇಲ್ಮೈ ಒಣಗಿದರೂ ಆ ಭಾಗ ಹಸಿಯಾಗಿಯೇ ಉಳಿಯುತ್ತದೆ. ಇಂಚು ದಪ್ಪಕ್ಕೆ ಸೀಳಿಸಿ, ನಡುನಡುವೆ ಅಡ್ಡಪಟ್ಟಿ ಇಟ್ಟು, ನೆರಳಿನಲ್ಲಿ ಒಂದು ಪೂರ್ತಿ ಬೇಸಿಗೆ ಪೇರಿಸಿಡಿ. ಆಮೇಲೆ ಮನೆಯೊಳಗೆ ತಂದು ಕೆಲವು ವಾರ ಬಿಡಿ, ಏಕೆಂದರೆ ಚಳಿಗಾಲದಲ್ಲಿ ಹೀಟರ್ ಓಡುವ ಮನೆಯ ಗಾಳಿ ಬಹಳ ಒಣಗಿರುತ್ತದೆ. ಒಮ್ಮೆ ಅವಸರಪಟ್ಟು ಜೋಡಿಸಿದ ಪೆಟ್ಟಿಗೆಯ ಮುಚ್ಚಳ ಮೊದಲ ಚಳಿಗಾಲದಲ್ಲೇ ಸೊಟ್ಟಗಾದದ್ದನ್ನು ನಾನು ಮರೆತಿಲ್ಲ.

ವಾಲಿ ಬೆಳೆದ ಕಾಂಡವಾದರೆ ಕೀಸುಳಿ ಹಾಕಿದಲ್ಲೆಲ್ಲ ನಾರು ನವಿರೇಳುತ್ತದೆ. ಅಲಗನ್ನು ಚೆನ್ನಾಗಿ ಮಸೆದು ತೆಳುವಾಗಿ ಕೀಸಿ. ಮೊಳೆಯನ್ನು ಈ ಮರ ಬಿಗಿಯಾಗಿ ಹಿಡಿಯುವುದಿಲ್ಲ. ಅಂಟು ಮತ್ತು ಸ್ಕ್ರೂ ಬಳಸಿ. ದೀಪದಡಿ ಹಿತ್ತಾಳೆಯ ತಟ್ಟೆ ಇರಲೇಬೇಕು.

ಪ್ರಶ್ನೆ: ಅಂಗಡಿಯ 'ಪಾಪ್ಲರ್' ಹಲಗೆಯೂ ಇದೇ ಅಲ್ಲವೇ?

ಅಲ್ಲ. ಅದು ಸಾಮಾನ್ಯವಾಗಿ ಸಂಪಿಗೆಯ ಕುಟುಂಬಕ್ಕೆ ಸೇರಿದ ಟ್ಯೂಲಿಪ್ ಮರ.

ಪ್ರಶ್ನೆ: ಬಾಲ್ಸಂ ಪಾಪ್ಲರಿನ ಮೊಗ್ಗಿನ ಎಣ್ಣೆಯಿಂದ ಸಂಧಿವಾತ, ಮಧುಮೇಹ ವಾಸಿಯಾಗುತ್ತದೆಯೇ?

ಇಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು ಮೊಗ್ಗಿನ ಅಂಟನ್ನು ಗಾಯಕ್ಕೆ ಲೇಪವಾಗಿ ಹಚ್ಚುತ್ತಿದ್ದರು. ಆ ಹೆಸರು ಹೇಳಿ ಮಧುಮೇಹಕ್ಕೆ ಸೀಸೆ ಮಾರುವುದು ಮೋಸ. ಆಸ್ಪಿರಿನ್ ಒಗ್ಗದವರು ಇದನ್ನು ಮುಟ್ಟಲೇಬೇಡಿ. ಇದರಲ್ಲಿ ಅದೇ ಜಾತಿಯ ರಾಸಾಯನಿಕವಿದೆ.

ಪ್ರಶ್ನೆ: ಜೂನ್‌ನಲ್ಲಿ ಪಾಪ್ಲರಿನಿಂದ ಹಾರುವ ಹತ್ತಿಯಿಂದ ಸೀನು ಬರುತ್ತದೆ. ಹೆಣ್ಣು ಮರ ಕಡಿಸಲೇ?

ಬೇಡ. ಆ ಹತ್ತಿ ಬೀಜದ್ದು, ಪರಾಗವಲ್ಲ. ಪಾಪ್ಲರಿನ ಪರಾಗ ಎಲೆ ಚಿಗುರುವ ಮೊದಲೇ ಉದುರಿರುತ್ತದೆ. ಹತ್ತಿ ಹಾರುವ ಹೊತ್ತಿಗೇ ಹೂಬಿಡುವ ಹುಲ್ಲಿನ ಮೇಲೆ ಅನುಮಾನಪಡಿ, ಅಲರ್ಜಿ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮೈಸೂರಿನ ತೋಟದಲ್ಲಿ ನೆಡಬಹುದೇ?

ಬೇಡ. ಅಲಾಸ್ಕಾದಂಥ ಚಳಿನಾಡಿನ ಹೊಳೆದಂಡೆಗಳಲ್ಲಿ ಬೆಳೆಯುವ ಮರ ಅದು.