ಓದುಗರ ಪ್ರಶ್ನೆ: “ಏನೂ ಆಗಂಗಿಲ್ಲ ಬಿಡ್ರಿ”

ಪ್ರಶ್ನೆ: ನಮ್ಮ ಕಡೆ ಚಾದಂಗಡಿ ಮುಂದ ಕುಂತ್ರ ಎಲ್ಲಾರ್ದೂ ಒಂದ ಮಾತು, ಏನೂ ಬದಲಾಗಂಗಿಲ್ಲ ಬಿಡ್ರಿ ಅಂತ. ಇದು ಹತಾಶೆನೋ, ಸೋಮಾರಿತನನೋ?
– ಒಬ್ಬ ಓದುಗ, ಸಿಂಧನೂರು

ಉತ್ತರ: ಸೋಮಾರಿತನ ಅನ್ನಾಕ ನನಗ ಮನಸ್ಸು ಬರಂಗಿಲ್ಲ ನೋಡ್ರಿ. ಹತಾಶೆಗೆ ಒಂದ ಮುಖ ಇರಂಗಿಲ್ಲ. ಕಾಲುವೆ ಕೊನೆ ಭಾಗದ ರೈತ ನೀರಿಗೆ ಧರಣಿ ಕುಂತು ಕುಂತು ಒಂದಿನ ಸುಮ್ಮನಾಗ್ತಾನ, ಅದೊಂದು. ಮಕ್ಕಳ್ನ ಅಜ್ಜಿ ಹತ್ರ ಬಿಟ್ಟು ಬೆಂಗಳೂರಿಗೆ ಗುಳೆ ಹೋಗೋರು ಅಳಂಗಿಲ್ಲ, ಗಂಟು ಕಟ್ತಾರ ಅಷ್ಟ, ಅದೂ ಹತಾಶೆನ. ಎಲೆಕ್ಷನ್ ಬಂದಾಗ ಯಾರ್ ಬಂದ್ರೇನು ಅಂತ ನಗ್ತಾರಲ್ಲ, ನನಗ ಎಲ್ಲಕ್ಕಿಂತ ಜಾಸ್ತಿ ಹೆದರಿಕಿ ಆಗೋದು ಆ ನಗು ಕೇಳಿದ್ರ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋತಲ್ರಿ, ಬೆಳೆ ಹೋತು ಅಂತ ಕೊಪ್ಪಳ, ರಾಯಚೂರು, ಬಳ್ಳಾರಿ ರೈತರೆಲ್ಲಾ ಕಂಗಾಲಾಗಿದ್ರು, ಆದ್ರ ಹರಿಯೋ ನೀರಾಗ ಜೀವ ಕೈಯಾಗ ಹಿಡ್ಕೊಂಡು ಕೆಲಸ ಮಾಡಿ ಒಂದ ವಾರದಾಗ ಸ್ಟಾಪ್ ಲಾಗ್ ಅನ್ನೋ ತಾತ್ಕಾಲಿಕ ಗೇಟ್ ಇಳಿಸಿದ್ರು. ಆಗಂಗಿಲ್ಲ ಅಂದದ್ದು ಆತಲ್ರಿ.

ದುಃಖಾನ ಒಬ್ರ ನುಂಗಬಾರ್ದು ಅನ್ನೋದು ನಮ್ಮ ಹಿರೇರಿಗೆ ಗೊತ್ತಿತ್ತು. ಮೊಹರಂನಾಗ ಕರ್ಬಲಾ ಯುದ್ಧದ ಸಂಕಟಾನ ಕನ್ನಡದಾಗ ರಿವಾಯತ್ ಪದ ಕಟ್ಟಿ ಹಾಡ್ತಾರ, ಹಿಂದೂ ಮುಸ್ಲಿಂ ಕೂಡೇ ನಿಂತು ಕೇಳ್ತಾರ.

ಚಾದಂಗಡಿ ಮುಂದ ಬೈಯೋರ ಚಿಂತಿ ನನಗ ಕಡಿಮಿ, ಅಲ್ಲಿಗೆ ಬರೋದನ್ನೂ ಬಿಟ್ಟೋರು ಇರ್ತಾರಲ್ಲ, ಅವ್ರ ಮನಿಗೆ ಹೋಗಿ ಮಾತಾಡ್ಸ್ರಿ. ಬದುಕ ಬ್ಯಾಡ ಅನ್ನಾಕತ್ತಿದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಅಲ್ಲೇ ಫೋನ್ ಹಚ್ಚಿಕೊಡ್ರಿ, ರೊಕ್ಕ ಹತ್ತಂಗಿಲ್ಲ, ಕನ್ನಡದಾಗ ಮಾತಾಡ್ತಾರ.